ಗುರುತು ಹೇಳಿ ಕರೆದುಕೊಂಡು ಹೋಗಿ

ನಾನು ಟೌನ್ ಬಸ್ಸಿನ ಕಂಡಕ್ಟರ್. ದಿನವಿಡೀ "ಮುಂದೆ ಹೋಗಿ, ಮುಂದೆ ಹೋಗಿ" ಎಂದು ಕೂಗಿ ಕೂಗಿ ನನ್ನ ಗಂಟಲು ಇಷ್ಟು ದೊಡ್ಡದಾಯಿತೋ, ಗಂಟಲು ದೊಡ್ಡದಿದ್ದದ್ದಕ್ಕೇ ಈ ಕೆಲಸ ಸಿಕ್ಕಿತೋ ಗೊತ್ತಿಲ್ಲ. ನನ್ನ ಗಂಡನನ್ನು ಕೇಳಿದರೆ ಎರಡನೆಯದೇ ನಿಜ ಎನ್ನುತ್ತಾರೆ. ಇರಲಿ, ನಾನು ಹೇಳಹೊರಟಿದ್ದು ನನ್ನ ಕಥೆಯಲ್ಲ, ಬ್ರೆಡ್ ಮಾಮನದು. ಮಕ್ಕಳನ್ನು ಹೇಗೆ ಬೆಳೆಸಬೇಕು ಎಂದು ಬಸ್ಸಿನಲ್ಲಿ ನಿಂತುಕೊಂಡೇ ಭಾಷಣ ಕೊಡುವವರನ್ನು ನಾನು ದಿನಾ ನೋಡುತ್ತೇನೆ. ಅಂಥವರ ಮಕ್ಕಳು ಸಾಮಾನ್ಯವಾಗಿ ಸೀಟಿನ ಮೇಲೆ ಶೂ ಹಾಕಿಕೊಂಡು ಕುಣಿಯುತ್ತಿರುತ್ತವೆ. ಬ್ರೆಡ್ ಮಾಮ ಒಂದು ದಿನವೂ ಭಾಷಣ ಮಾಡಿದವರಲ್ಲ. ಆದರೆ ನಮ್ಮ ಬೀದಿಯ ಅರ್ಧದಷ್ಟು ಮಕ್ಕಳು ಅವರ ಕೈಯಲ್ಲೇ ಬೆಳೆದವು.

ಅವರದು ಬೇಕರಿ ಕೆಲಸ. ಊರೆಲ್ಲ ಮುಸುಕು ಹೊದ್ದು ಮಲಗಿರುವಾಗ ಎದ್ದು ಹಿಟ್ಟು ಕಲಸಲು ಹೋದರೆ ಮಧ್ಯಾಹ್ನದ ಹೊತ್ತಿಗೆ ಕೆಲಸ ಮುಗಿಯುತ್ತಿತ್ತು. ಮನೆ ಬೇಕರಿಗೆ ಬೆನ್ನಾಗಿಯೇ ಇತ್ತು. ಎರಡು ಕೋಣೆ, ಮುಂದೆ ಒಂದು ಸಣ್ಣ ಹಜಾರ, ಹಿತ್ತಿಲ ಬಾಗಿಲು ತೆಗೆದರೆ ನೇರ ಬೇಕರಿ. ಬೇಕರಿಯ ಒಲೆಯ ಗೋಡೆಯೇ ಇವರ ಒಳಕೋಣೆಯ ಗೋಡೆ, ಹಾಗಾಗಿ ಅದು ಸಂಜೆಯವರೆಗೂ ಬೆಚ್ಚಗಿರುತ್ತಿತ್ತು. ಹೆಂಡತಿಗೆ ರೈಲು ನಿಲ್ದಾಣದ ಟಿಕೆಟ್ ಕೌಂಟರಿನಲ್ಲಿ ಕೆಲಸ, ಮನೆ ಸೇರುವಾಗ ಬೀದಿದೀಪ ಹತ್ತಿ ಬಹಳ ಹೊತ್ತಾಗಿರುತ್ತಿತ್ತು. ಒಬ್ಬಳೇ ಮಗಳು, ಆರು ವರ್ಷ. ಅವಳನ್ನು ಮಾಮ "ಯಜಮಾನ್ತಿ" ಎಂದೇ ಕರೆಯುತ್ತಿದ್ದರು. ಹೆಸರಿಗೆ ತಕ್ಕ ಹಾಗೆ ಆ ಹುಡುಗಿ ಸೊಂಟದ ಮೇಲೆ ಕೈಯಿಟ್ಟುಕೊಂಡೇ ಮಾತಾಡುತ್ತಿದ್ದಳು.

ಮೊದಲು ಆ ಮನೆಗೆ ಹೋಗಿ ಸೇರಿಕೊಂಡವನು ನನ್ನ ಮಗ. ನನ್ನ ಗಂಡ ಲಾರಿ ಹತ್ತಿದರೆ ವಾರಗಟ್ಟಲೆ ನಾಪತ್ತೆ. ಶಾಲೆ ಮಧ್ಯಾಹ್ನಕ್ಕೆ ಬಿಡುತ್ತದೆ, ಬಸ್ಸು ನನ್ನನ್ನು ಬಿಡುವುದು ಸಂಜೆಗೆ. ನಡುವಿನ ಹೊತ್ತಿಗೆ ಈ ಪುಂಡನನ್ನು ಯಾರ ತಲೆಗೆ ಕಟ್ಟುವುದು ಎಂದು ನಾನು ಪೇಚಾಡುತ್ತಿದ್ದಾಗ ಬ್ರೆಡ್ ಮಾಮ, "ಹೇಗಿದ್ರೂ ನನ್ನ ಮಗಳನ್ನ ಕರ್ಕೊಂಡು ಬರೋಕೆ ಹೋಗ್ತೀನಲ್ಲ, ಇವನೂ ಬರಲಿ ಬಿಡಿ" ಎಂದರು. ನನಗೆ ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಇವನ ಹಿಂದೆಯೇ ಲಿಫ್ಟ್ ರಿಪೇರಿಯವರ ಅವಳಿ ಹುಡುಗರು ಬಂದರು. ಆಮೇಲೆ ಗಡಿಯಾರದಂಗಡಿಯವರ ಮಗ ಬಂದ, ಮಧ್ಯಾಹ್ನದ ಪಾಳಿಯ ನರ್ಸಮ್ಮನ ಎರಡು ವರ್ಷದ ಕೂಸೂ ಬಂತು. ಯಜಮಾನ್ತಿಯೂ ಸೇರಿ ಆರು ಮಕ್ಕಳು. ಊಟವಾದ ಮೇಲೆ ಅಷ್ಟನ್ನೂ ಆ ಬೆಚ್ಚಗಿನ ಗೋಡೆಗೆ ಒತ್ತಾಗಿ ಮಲಗಿಸಿದರೆ ಟ್ರೇಯಲ್ಲಿ ಜೋಡಿಸಿದ ಬನ್ನುಗಳ ಹಾಗೆ ಕಾಣುತ್ತಿದ್ದವು. ನಿದ್ದೆ ಹೋದ ಮಗುವನ್ನು ಮಾಮ ಎತ್ತುತ್ತಿದ್ದದ್ದೂ ಹಿಟ್ಟು ಎತ್ತಿದ ಹಾಗೆಯೇ, ಎರಡೂ ಅಂಗೈ ಅಡಿಗೆ ತೂರಿಸಿ, ಎಲ್ಲೂ ಹಿಸುಕದೆ. ನನ್ನ ಮಗ ನನ್ನ ಕೈಗೆ ಬಂದ ತಕ್ಷಣ ಎಚ್ಚರವಾಗಿ ರಾಗ ಎಳೆಯುತ್ತಿದ್ದ. ಮಾಮನ ಕೈಯಲ್ಲಿ ಗೊರಕೆ.

ಈಗ ಒಂದು ರಾದ್ಧಾಂತದ ವಿಷಯಕ್ಕೆ ಬರುತ್ತೇನೆ. ಒಂದು ಸಂಜೆ ಬೀದಿಗೆ ಬೀದಿಯೇ ಕರೆಂಟು ಹೋಗಿತ್ತು. ಲಿಫ್ಟ್ ರಿಪೇರಿಯವರು ದಿನವೆಲ್ಲ ಯಾವುದೋ ಕಟ್ಟಡದ ಲಿಫ್ಟ್ ಗುಂಡಿಯೊಳಗೆ ಇಳಿದು ಹತ್ತಿ ಸುಸ್ತಾಗಿ ಬಂದವರು, ಕತ್ತಲಲ್ಲಿ ಗೋಡೆ ತಡಕಿ, ಮಲಗಿದ್ದ ಎರಡು ಹುಡುಗರನ್ನು ಎತ್ತಿ ಎರಡು ಹೆಗಲಿಗೆ ಹಾಕಿಕೊಂಡು, ಮೇಲೊಂದು ಬಟ್ಟೆ ಹೊದಿಸಿ ಹೊರಟೇಬಿಟ್ಟರು. ಆಮೇಲೆ ನಾನು ಬಂದೆ. ಮಾಮ ಉಳಿದಿದ್ದ ಹುಡುಗನನ್ನು ತಂದು ನನ್ನ ಕೈಗಿಟ್ಟರು. ಎತ್ತಿಕೊಂಡ ಕೂಡಲೇ ನನಗೆ ಅನುಮಾನ ಬಂತು.

"ಮಾಮ, ಇವನು ನಮ್ಮವನಲ್ಲ. ನಮ್ಮವನು ಇಷ್ಟು ಹಗುರ ಇಲ್ಲ."

ಬೆಂಕಿಕಡ್ಡಿ ಗೀರಿ ನೋಡಿದರೆ ಅವಳಿಗಳಲ್ಲಿ ಒಬ್ಬ. ಆ ಹುಡುಗನನ್ನು ಕಂಕುಳಲ್ಲಿ ಇರುಕಿಕೊಂಡು ನಾನು ಓಡಿದೆ, ಹಿಂದೆ ಮಾಮ ಓಡಿದರು. ಲಿಫ್ಟ್ ರಿಪೇರಿಯವರ ಮನೆಗೆ ಹೋಗಿ ನೋಡಿದರೆ ಅವರ ಹೆಂಡತಿ ಅರೆಗತ್ತಲಲ್ಲಿ ಇಬ್ಬರು ಹುಡುಗರಿಗೆ ಕೈತುತ್ತು ಹಾಕುತ್ತಿದ್ದರು. ಅವರಲ್ಲಿ ಒಬ್ಬ ನನ್ನ ಮಗ. ತುಟಿ ಪಿಟಕ್ ಎನ್ನದೆ ಬಾಯಿ ತೆಗೆದು ತೆಗೆದು ತಿನ್ನುತ್ತಿದ್ದ. "ನೀನು ಬೇರೆಯವನು ಅಂತ ಹೇಳಬಾರದಾ?" ಎಂದು ನಾನು ಗದರಿದರೆ, "ಊಟ ಮುಗೀಲಿ ಅಂತಿದ್ದೆ" ಎಂದ. ಹೊಟ್ಟೆಬಾಕ. ನಾನೂ ಆ ತಾಯಿಯೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ನಗಲು ಶುರುಮಾಡಿದೆವು. ಲಿಫ್ಟ್ ರಿಪೇರಿಯವರು ಮಾತ್ರ ಎಷ್ಟೋ ದಿನ ನನಗೆ ಮುಖ ತೋರಿಸದೆ ತಪ್ಪಿಸಿಕೊಂಡು ಓಡಾಡಿದರು.

ಬ್ರೆಡ್ ಮಾಮ ನಗಲಿಲ್ಲ. ಮಾರನೆಯ ದಿನ ನಾನು ಹೋದಾಗ ಬಾಗಿಲು ಹಾಕಿತ್ತು. ತಟ್ಟಿದೆ. ಒಳಗಿನಿಂದ ಮಾಮನ ಧ್ವನಿ.

"ಯಾರು ಬೇಕಿತ್ತು?"

"ನಾನೇ ಮಾಮ, ಕಂಡಕ್ಟರ್. ನನ್ನ ಮಗ ಬೇಕು."

"ಗುರುತು ಹೇಳಿ."

"ಏನು ಗುರುತು? ದಿನಾ ನೋಡ್ತೀರಲ್ಲ ಅವನನ್ನ?"

"ಗುರುತು ಹೇಳದೆ ಇನ್ಮೇಲೆ ಯಾರಿಗೂ ಮಗು ಕೊಡಲ್ಲ. ಕಳೆದುಹೋದ ಬ್ಯಾಗಿಗೇ ಗುರುತು ಕೇಳ್ತಾರೆ. ಇದು ಮಗು."

ಸರಿ ಎಂದು ನಾನು ಬಾಗಿಲಲ್ಲಿ ನಿಂತು ಹೇಳಿದೆ. "ಮೊಣಕೈಯಲ್ಲಿ ತರಚಿದ ಗಾಯ ಇದೆ, ಅದನ್ನ ಎಲ್ಲರಿಗೂ ತೋರಿಸ್ತಾ ಇರ್ತಾನೆ. ಅಂಗಿಯ ಎರಡನೇ ಗುಂಡಿ ಅಗೀತಾ ಇರ್ತಾನೆ." ಒಳಗಿನಿಂದ ಕಿಸಕ್ಕೆಂದು ನಗು ಕೇಳಿತು. "ಅದು ನಾನೇ, ಅದು ನಾನೇ" ಎಂದು ನನ್ನ ಮಗ ಕುಣಿಯುವುದೂ ಕೇಳಿತು. ಬಾಗಿಲು ತೆರೆದಾಗ ಅವನು ಓಡಿ ಬಂದು ನನ್ನನ್ನು ಅಪ್ಪಿಕೊಂಡ ರಭಸಕ್ಕೆ ನಾನು ಎರಡು ಹೆಜ್ಜೆ ಹಿಂದೆ ಸರಿದೆ.

ಹೀಗೆ ಜಾಗ್ರತೆಗೆಂದು ಶುರುವಾದದ್ದು ಮಕ್ಕಳಿಗೆ ದಿನದ ದೊಡ್ಡ ಆಟವಾಯಿತು. ಸಂಜೆಯಾಗುತ್ತಿದ್ದಂತೆ ಶೂ ಹಾಕಿ, ಬ್ಯಾಗು ಏರಿಸಿ, ಬಾಗಿಲ ಹಿಂದೆ ಸಾಲಾಗಿ ಕೂತುಬಿಡುತ್ತಿದ್ದವು. ನಿನ್ನೆ ಹೇಳಿದ ಗುರುತು ಇವತ್ತು ನಡೆಯುವುದಿಲ್ಲ ಎಂದು ಮಾಮ ಒಂದು ಕಾಯಿದೆಯನ್ನೂ ಸೇರಿಸಿದರು. ನಮಗೆ ಫಜೀತಿ. ಬೆಳಿಗ್ಗೆ ಮಗನನ್ನು ಸರಿಯಾಗಿ ನೋಡಿಕೊಂಡೇ ಮನೆ ಬಿಡಬೇಕು, ಇಲ್ಲದಿದ್ದರೆ ಸಂಜೆ ಬಾಗಿಲಲ್ಲಿ ತಡವರಿಸಬೇಕು. ಗಡಿಯಾರದಂಗಡಿಯವರಂತೂ ಒಂದು ದಿನ ಏನೂ ಹೊಳೆಯದೆ "ಎರಡು ಕಿವಿ ಇದೆ" ಎಂದು ಹೇಳಿ ಮಗನಿಂದ ಬೈಸಿಕೊಂಡರು. ನಾವು ಬಾಗಿಲ ಹೊರಗೆ ಕಾಯುತ್ತ ನಮ್ಮ ನಮ್ಮ ಮಕ್ಕಳ ಪ್ರತಾಪಗಳನ್ನು ಹೇಳಿಕೊಳ್ಳುವುದೂ ಆಗಲೇ ಅಭ್ಯಾಸವಾಯಿತು. ಯಾರದು ಹಾಸಿಗೆ ಒದ್ದೆ ಮಾಡುವುದನ್ನು ಬಿಟ್ಟಿತು, ಯಾರದು ಅಕ್ಷರ ತಿರುಗುಮುರುಗು ಬರೆಯುತ್ತದೆ, ಯಾರದು ಅಪ್ಪನ ಚಪ್ಪಲಿಯೊಳಗೆ ನೀರು ತುಂಬಿತು. ನನ್ನ ಮಗನೊಬ್ಬನೇ ಹೀಗೆ ಎಂದುಕೊಂಡಿದ್ದ ನನಗೆ, ಎಲ್ಲರ ಮನೆಯಲ್ಲೂ ಇದೇ ಗೋಳು ಎಂದು ಕೇಳಿ ಎಷ್ಟು ಸಮಾಧಾನವಾಯಿತೋ ಹೇಳಲಾರೆ.

ಈ ಸಡಗರದಲ್ಲಿ ನಾವು ಯಾರೂ ಗಮನಿಸದೆ ಇದ್ದದ್ದು ಯಜಮಾನ್ತಿಯನ್ನು. ಮೊದಮೊದಲು ಅವಳೇ ಅಪ್ಪನ ಸಹಾಯಕಿ. ಮಕ್ಕಳ ಶೂ ಹುಡುಕಿ ಕೊಡುವುದು, ಮೂಗು ಒರೆಸುವುದು, ಬಾಗಿಲ ಚಿಲಕ ತೆಗೆಯುವುದು ಎಲ್ಲ ಅವಳ ಇಲಾಖೆ. ಆಮೇಲೊಂದು ಸಂಜೆ ಅವಳೂ ಶೂ ಹಾಕಿ, ಬ್ಯಾಗು ಏರಿಸಿಕೊಂಡು ಸಾಲಿನಲ್ಲಿ ಕೂತಿದ್ದಳು.

"ನೀವೆಲ್ಲಿಗೆ ಯಜಮಾನ್ತಿಯವ್ರೇ?" ಎಂದು ನಾನು ತಮಾಷೆ ಮಾಡಿದೆ.

"ನನ್ನನ್ನ ಕರ್ಕೊಂಡು ಹೋಗೋಕೆ ಬರ್ತಾರೆ" ಎಂದಳು.

ನಾವೆಲ್ಲ ನಕ್ಕೆವು, ಮಾಮನೂ ನಕ್ಕರು. ಒಬ್ಬೊಬ್ಬರೇ ಗುರುತು ಹೇಳಿ ತಮ್ಮ ತಮ್ಮ ಮಕ್ಕಳನ್ನು ಕರೆದುಕೊಂಡು ಹೋದೆವು. ಅವಳು ಕೂತೇ ಇದ್ದಳಂತೆ. ಅವಳಮ್ಮನ ಬಳಿ ಬೀಗದ ಕೈ ಇತ್ತು, ಬಾಗಿಲು ತಟ್ಟುವ ಪ್ರಮೇಯವೇ ಇರಲಿಲ್ಲ. ಆಕೆ ಬರುವ ಹೊತ್ತಿಗೆ ಹುಡುಗಿ ಶೂ ಹಾಕಿಕೊಂಡೇ ನಿದ್ದೆ ಹೋಗಿದ್ದಳಂತೆ.

ಮುಂದಿನ ವಾರ ಅವಳು ಅಪ್ಪನನ್ನು ಅಪ್ಪ ಎಂದು ಕರೆಯುವುದನ್ನೇ ಬಿಟ್ಟಳು. ಎಲ್ಲ ಮಕ್ಕಳ ಹಾಗೆ ಅವಳೂ "ಬ್ರೆಡ್ ಮಾಮ" ಎನ್ನತೊಡಗಿದಳು. "ಬ್ರೆಡ್ ಮಾಮ, ನೀರು ಬೇಕು." "ಬ್ರೆಡ್ ಮಾಮ, ಅವನು ನನ್ನ ಪೆನ್ಸಿಲ್ ತಗೊಂಡ." ಹಟವಿಲ್ಲ, ಅಳುವಿಲ್ಲ, ಬಹಳ ಮರ್ಯಾದೆಯಿಂದ ಕರೆಯುತ್ತಿದ್ದಳು. ಮಾಮ ಮೊದಲು ಆಟವೆಂದುಕೊಂಡರು. ಆಮೇಲೆ ಪುಸಲಾಯಿಸಿ ನೋಡಿದರು, ಗದರಿಯೂ ನೋಡಿದರು. ಬೇಳೆ ಬೇಯಲಿಲ್ಲ. ಅಮ್ಮನನ್ನು ಅಮ್ಮ ಎಂದೇ ಕರೆಯುತ್ತಿದ್ದಳು. ಕುತ್ತು ಬಂದದ್ದು ಅಪ್ಪನಿಗೆ ಮಾತ್ರ.

ಒಂದು ಸಂಜೆ ನಾವು ನಾಲ್ವರೂ ಒಟ್ಟಿಗೇ ಬಂದಿದ್ದೆವು. ನಾನು, ನರ್ಸಮ್ಮ, ಲಿಫ್ಟ್ ರಿಪೇರಿಯವರು, ಗಡಿಯಾರದಂಗಡಿಯವರು. ಬಾಗಿಲು ತೆರೆದೇ ಇತ್ತು. ಮಾಮ ಮೆಟ್ಟಿಲ ಮೇಲೆ ತಲೆಯ ಮೇಲೆ ಕೈಹೊತ್ತು ಕೂತಿದ್ದರು. ಕಿವಿಯ ಹಿಂದೆ ಹಿಟ್ಟು ಹಾಗೆಯೇ ಮೆತ್ತಿಕೊಂಡಿತ್ತು.

"ಈ ತಿಂಗಳು ಮುಗಿಯೋ ತನಕ ನೋಡ್ಕೋತೀನಿ" ಎಂದರು. "ಆಮೇಲೆ ನೀವೆಲ್ಲ ಬೇರೆ ವ್ಯವಸ್ಥೆ ಮಾಡ್ಕೊಂಡುಬಿಡಿ."

ನರ್ಸಮ್ಮ ಯಾಕೆ ಎಂದು ಕೇಳಿದರು. ಮಾಮ ತಲೆ ಎತ್ತಲಿಲ್ಲ.

"ನಿಮ್ಮ ಮಕ್ಕಳಿಗೆಲ್ಲ ಮಾಮ ಆಗೋಕೆ ಹೋಗಿ ನನ್ನ ಮಗಳಿಗೂ ಮಾಮ ಆಗ್ಬಿಟ್ಟೆ. ಇವತ್ತು ಶಾಲೆ ಹತ್ರ ಹೊಸ ಟೀಚರಿಗೂ ಹಾಗೇ ಹೇಳಿದಾಳೆ. ಇವರು ಬ್ರೆಡ್ ಮಾಮ, ಮಕ್ಕಳನ್ನ ನೋಡ್ಕೋತಾರೆ ಅಂತ. ಟೀಚರು ಅವಳನ್ನ ನನ್ನ ಜೊತೆ ಕಳುಹಿಸೋಕೆ ಅನುಮಾನ ಮಾಡಿದ್ರು."

ನಗು ಬರುವ ವಿಷಯವೇ. ಆದರೆ ಅವರ ಮುಖ ನೋಡಿದ ಮೇಲೆ ಯಾರಿಗೂ ನಗು ಬರಲಿಲ್ಲ. ಶುರುವಾಯಿತು ನಮ್ಮೆಲ್ಲರ ಉಪದೇಶ. "ಹಟ ಮಾಡಿದ್ರೆ ಗಮನಾನೇ ಕೊಡಬಾರದು, ತಾನಾಗೇ ಸರಿ ಹೋಗುತ್ತೆ" ಎಂದರು ನರ್ಸಮ್ಮ. ಅವರ ಕೂಸು ಅಷ್ಟರಲ್ಲಿ ಓಡಿ ಬಂದು ಅವರ ಜಡೆ ಹಿಡಿದು ಜಗ್ಗುತ್ತಿತ್ತು, ಆಕೆ ಗಮನ ಕೊಡದಿರಲು ಒದ್ದಾಡುತ್ತಿದ್ದರು. ಗಡಿಯಾರದಂಗಡಿಯವರು ಹೊಸ ಗೊಂಬೆ ಕೊಡಿಸಿ ಎಂದರು.

"ಕೊಡಿಸಿದೆ" ಎಂದರು ಮಾಮ. "ಥ್ಯಾಂಕ್ಸ್ ಬ್ರೆಡ್ ಮಾಮ ಅಂದಳು."

"ನಮ್ಮನೇಲಿ ಯಾರು ತಪ್ಪು ಮಾಡಿದ್ದು ಅಂತ ಗೊತ್ತಾಗದೆ ಇಬ್ಬರಿಗೂ ಬೈತೀವಿ" ಎಂದು ಲಿಫ್ಟ್ ರಿಪೇರಿಯವರು ತಮ್ಮ ಅನುಭವ ಹೇಳಿದರು. "ಆಮೇಲೆ ಇಬ್ಬರನ್ನೂ ಸಮಾಧಾನ ಮಾಡ್ತೀವಿ." ಒಬ್ಬಳೇ ಮಗಳಿರುವವರಿಗೆ ಇದರಿಂದ ಏನು ಪ್ರಯೋಜನವೋ ಅವರಿಗೇ ಗೊತ್ತು.

ನನಗೆ ಕೋಪ ಬಂತು. ಮಾಮ ನಿಲ್ಲಿಸಿದರೆ ನನ್ನ ಮಗನನ್ನು ಬಸ್ಸಿನಲ್ಲಿ ಟಿಕೆಟ್ ಚೀಲದ ಜೊತೆ ನೇತುಹಾಕಿಕೊಂಡು ತಿರುಗಬೇಕು. ನಾನು ಆಗ ಅಂದದ್ದು ಬುದ್ಧಿ ಓಡಿಸಿ ಅಂದದ್ದಲ್ಲ, ಸಂಕಟಕ್ಕೆ ಅಂದದ್ದು.

"ಅಲ್ಲ ಮಾಮ, ದಿನಾ ನಮ್ಮನ್ನ ಬಾಗಿಲಲ್ಲಿ ನಿಲ್ಲಿಸಿ ಗುರುತು ಕೇಳ್ತೀರಿ. ನಿಮ್ಮ ಮಗಳ ಗುರುತು ಒಂದು ದಿನ ಆದ್ರೂ ಯಾರಾದ್ರೂ ಹೇಳಿದಾರಾ? ಅವಳನ್ನ ಯಾರು ಬಂದು ಕರ್ಕೊಂಡು ಹೋಗಬೇಕು, ನಾನಾ?"

ಮಾಮ ನನ್ನನ್ನೇ ನೋಡಿದರು. ಎದ್ದು, ಹಜಾರದಲ್ಲಿ ಶೂ ಹಾಕಿಕೊಂಡು ಸಾಲಿನ ಕೊನೆಯಲ್ಲಿ ಕೂತಿದ್ದ ಮಗಳನ್ನು ದಾಟಿ, ಹಿತ್ತಿಲ ಬಾಗಿಲಿನಿಂದ ಬೇಕರಿಯೊಳಕ್ಕೆ ಹೊರಟುಹೋದರು. ಅತಿಯಾಯಿತೇನೋ ಎಂದು ನಾನು ನಾಲಿಗೆ ಕಚ್ಚಿಕೊಂಡೆ. ನಾವು ಒಳಗೆ ಬಂದು ಕೂತೆವು. ಎಲ್ಲಿಗೆ ಹೋದರು, ಬರುತ್ತಾರೋ ಇಲ್ಲವೋ ಒಂದೂ ತಿಳಿಯದು. ಗಾಳಿಗೆ ಮುಂಬಾಗಿಲು ಮುಚ್ಚಿಕೊಂಡು ಚಿಲಕ ಬಿತ್ತು.

ಸ್ವಲ್ಪ ಹೊತ್ತಿನಲ್ಲೇ ಆ ಬಾಗಿಲನ್ನು ಯಾರೋ ತಟ್ಟಿದರು.

ಮಕ್ಕಳೆಲ್ಲ ನಮ್ಮನ್ನು ಎಣಿಸಿದವು. ಬರಬೇಕಾದವರೆಲ್ಲ ಬಂದಾಗಿತ್ತು. ಯಜಮಾನ್ತಿ ಬಾಗಿಲನ್ನೇ ನೋಡುತ್ತಿದ್ದಳು. ಮಾಮ ಇಲ್ಲದ ಮೇಲೆ ಕೇಳುವವರು ಯಾರು, ನಾನೇ ಕೇಳಿದೆ.

"ಯಾರು ಬೇಕಿತ್ತು?"

"ನನ್ನ ಮಗಳನ್ನ ಕರ್ಕೊಂಡು ಹೋಗೋಕೆ ಬಂದಿದೀನಿ." ಮಾಮನ ಧ್ವನಿ. ಬೇಕರಿಯಿಂದ ಬೀದಿ ಸುತ್ತಿಕೊಂಡು ಬಂದದ್ದಕ್ಕೆ ಏದುಸಿರು ಬಿಡುತ್ತಿದ್ದರು.

"ಗುರುತು ಹೇಳಿ."

"ಎರಡು ಜಡೆ."

ಯಜಮಾನ್ತಿ ತಲೆ ಅಲ್ಲಾಡಿಸಿದಳು. ಅವತ್ತು ಅವಳಿಗಿದ್ದದ್ದು ಒಂದೇ ಜಡೆ. ಅಮ್ಮನಿಗೆ ಬೆಳಿಗ್ಗೆ ಹೊತ್ತಾಗಿತ್ತೆಂದು ಕಾಣುತ್ತದೆ. "ಅಂಥೋಳು ಇಲ್ಲಿಲ್ಲ" ಎಂದೆ ನಾನು.

"ಮೇಲಿನ ಒಂದು ಹಲ್ಲು ಅಲ್ಲಾಡ್ತಾ ಇದೆ."

"ಅದು ಮೊನ್ನೆನೇ ಬಿದ್ದುಹೋಯ್ತು" ಎಂದು ನನ್ನ ಮಗ ನನ್ನ ಕಿವಿಯಲ್ಲಿ ಪಿಸುಗುಟ್ಟಿದ. "ಯಾರಿಗೂ ಹೇಳಬೇಡ ಅಂದಿದಾಳೆ." ಅವನ ಪಿಸುಮಾತು ನನ್ನ ಪಿಸುಮಾತಿನಂತೆಯೇ, ಮೂರು ಮನೆಗೆ ಕೇಳುತ್ತದೆ. ನಮ್ಮ ಐದು ಮಕ್ಕಳ ಕೆಮ್ಮು, ನೆಗಡಿ, ಉಗುರು, ಕೀವುಗಟ್ಟಿದ ಗಾಯ ಎಲ್ಲ ಬಾಯಿಪಾಠವಿದ್ದ ಮನುಷ್ಯನಿಗೆ ಮಗಳ ಬಾಯಲ್ಲಿ ಹಲ್ಲಿಲ್ಲದ್ದು ಗೊತ್ತಿರಲಿಲ್ಲ. ನನಗೆ ಅಯ್ಯೋ ಅನ್ನಿಸಿತು.

"ಜಾಣೆ" ಎಂದರು ಮಾಮ, ಕೊನೆಗೆ. ಧ್ವನಿ ಇಳಿದಿತ್ತು. "ಅಳೋದಿಲ್ಲ. ಎಲ್ಲರಿಗೂ ಬಿಟ್ಟುಕೊಡ್ತಾಳೆ. ದೊಡ್ಡೋಳು."

"ಅದು ನಾನಲ್ಲ" ಎಂದಳು ಯಜಮಾನ್ತಿ. ಗಟ್ಟಿಯಾಗಿಯೇ ಹೇಳಿದಳು.

ನರ್ಸಮ್ಮ ನನಗೆ ಬಾಗಿಲು ತೆಗೆಯಿರಿ ಎಂದು ಕಣ್ಸನ್ನೆ ಮಾಡಿದರು. ನನಗೂ ತೆಗೆದುಬಿಡೋಣ ಅನ್ನಿಸಿತು. ಆದರೆ ಹುಡುಗಿ ಚಿಲಕಕ್ಕೆ ಕೈ ಅಡ್ಡ ಹಿಡಿದು ನಿಂತಿದ್ದಳು. ಆಟವಾಗಿದ್ದರೆ ಯಾವಾಗಲೋ ಮುಗಿಯುತ್ತಿತ್ತು. ಅವಳಿಗೆ ಅದು ಆಟವಾಗಿರಲಿಲ್ಲ. ಹೊರಗಿರುವ ಮನುಷ್ಯನಿಗೆ ತಾನು ಯಾರೆಂದು ಗೊತ್ತಿದೆಯೋ ಇಲ್ಲವೋ, ಅಷ್ಟೇ ಅವಳಿಗೆ ಬೇಕಿದ್ದದ್ದು.

ಬಾಗಿಲ ಕೆಳಗಿನ ಸಂದಿಯಲ್ಲಿ ನೆರಳು ಕಂಡಿತು. ಮಾಮ ಮಂಡಿಯೂರಿ ಕೂತಿದ್ದರು. ಈಗ ಧ್ವನಿ ಅವಳ ಎತ್ತರಕ್ಕೇ ಬಂತು.

"ನನ್ನ ಮಗಳು ಸಣ್ಣೋಳು. ಆರೇ ವರ್ಷ. ದೊಡ್ಡೋಳು ಅಂತ ನಾನೇ ಅಂದ್ಕೊಂಡಿದ್ದೆ. ಶಾಲೆಯಿಂದ ಬರುವಾಗ ನನ್ನ ಎರಡು ಕೈಯಲ್ಲೂ ಬೇರೆ ಮಕ್ಕಳು ಇರ್ತಾರೆ. ಅವಳು ನನ್ನ ಅಂಗಿ ಹಿಡ್ಕೊಂಡು ಹಿಂದೆ ಬರ್ತಾಳೆ. ಎಲ್ಲರನ್ನೂ ಎಣಿಸ್ತೀನಿ, ಅವಳನ್ನ ಎಣಿಸಲ್ಲ. ನನ್ನವಳು, ಎಲ್ಲಿ ಹೋಗ್ತಾಳೆ ಅಂತ." ನೆರಳು ಬಾಗಿಲಿಗೆ ಇನ್ನೂ ಹತ್ತಿರವಾಯಿತು. "ಅವಳಿಗೆ ನನ್ನ ಮೇಲೆ ಕೋಪ ಇದೆ. ಹಲ್ಲು ಬಿದ್ದಿದ್ದನ್ನೂ ಹೇಳಿಲ್ಲ. ನಾನೂ ಕೇಳಿಲ್ಲ. ದಿನಾ ಸಂಜೆ ಶೂ ಹಾಕ್ಕೊಂಡು ಕೂತ್ಕೋತಾಳೆ. ಅವಳೇ ಬೇಕು ನನಗೆ. ಇದ್ದಾಳಾ?"

ಗಡಿಯಾರದಂಗಡಿಯವರು ಕನ್ನಡಕ ತೆಗೆದು ಒರೆಸತೊಡಗಿದರು. ನನಗೆ ಒರೆಸಿಕೊಳ್ಳಲು ಕನ್ನಡಕವಿಲ್ಲ, ಸೀದಾ ಅತ್ತೆ. ಯಜಮಾನ್ತಿ ಚಿಲಕದಿಂದ ಕೈ ತೆಗೆದು ನನ್ನ ಯೂನಿಫಾರ್ಮಿನ ಅಂಚು ಎಳೆದಳು.

"ಕಂಡಕ್ಟರ್ ಆಂಟಿ, ಅದು ನಾನೇ. ಬಾಗಿಲು ತೆಗೀರಿ."

ತೆಗೆದೆ. ಅವಳು ನನ್ನ ಮಗನ ಹಾಗೆ ಓಡಿಹೋಗಿ ಬೀಳಲಿಲ್ಲ. ಮೆಲ್ಲಗೆ ಹೋಗಿ, ಮಂಡಿಯೂರಿದ್ದ ಅಪ್ಪನ ಕೊರಳಿಗೆ ಕೈ ಹಾಕಿ, ಬಾಯಿ ಅಗಲಿಸಿ ಹಲ್ಲಿಲ್ಲದ ಜಾಗ ತೋರಿಸಿದಳು. ಮಾಮ ದೀಪದ ಬೆಳಕಿಗೆ ತಿರುಗಿಸಿಕೊಂಡು ಬಹಳ ಹೊತ್ತು ನೋಡಿದರು. ಆಮೇಲೆ ಅವಳನ್ನು ಹೆಗಲ ಮೇಲೆ ಕೂರಿಸಿಕೊಂಡು ಎದ್ದರು. ಅಲ್ಲಿಂದ ಅವಳು ನಮ್ಮೆಲ್ಲರ ಕಡೆ ತಿರುಗಿ, ಇಷ್ಟು ದಿನ ಉಳಿದ ಮಕ್ಕಳು ತನಗೆ ಹೇಳುತ್ತಿದ್ದ ಮಾತನ್ನು ತಾನು ಹೇಳಿದಳು.

"ಟಾಟಾ. ನಾನು ಹೋಗಿ ನಾಳೆ ಬರ್ತೀನಿ."

ಅಪ್ಪ ಎನ್ನುತ್ತಾಳೇನೋ ಎಂದು ನಾನು ಕಿವಿಗೊಟ್ಟು ಕೇಳುತ್ತಲೇ ಇದ್ದೆ. ಇನ್ನೂ ಅಂದಿರಲಿಲ್ಲ. ಇಬ್ಬರೂ ಬೀದಿಗಿಳಿದು ಮೂಲೆಯಲ್ಲಿ ತಿರುಗಿ ಮರೆಯಾದರು.

ಈಗ ನಮ್ಮ ಪಾಡು ನೋಡಬೇಕಿತ್ತು. ಮನೆಯ ಯಜಮಾನನೂ ಯಜಮಾನ್ತಿಯೂ ಮನೆ ಬಿಟ್ಟು ಹೊರಟುಹೋಗಿದ್ದರು. ತೆರೆದ ಮನೆ ಬಿಟ್ಟು ಹೋಗುವ ಹಾಗಿಲ್ಲ, ಇರೋಣವೆಂದರೆ ಎಷ್ಟು ಹೊತ್ತೋ ತಿಳಿಯದು. ನಾಳೆಯಿಂದ ನಮ್ಮ ಮಕ್ಕಳು ಇಲ್ಲಿಗೆ ಬರುತ್ತವೋ ಇಲ್ಲವೋ ಅದೂ ತೀರ್ಮಾನವಾಗಿರಲಿಲ್ಲ. ನಾಲ್ಕು ಜನ ದೊಡ್ಡವರು, ಐದು ಮಕ್ಕಳು ಆ ಬೆಚ್ಚಗಿನ ಗೋಡೆಗೆ ಒರಗಿ ಕೂತೆವು. ಲಿಫ್ಟ್ ರಿಪೇರಿಯವರು ಅಲ್ಲೇ ತೂಕಡಿಸಿದರು, ಅವರ ಇಬ್ಬರೂ ಮಕ್ಕಳು ಅವರ ಮೇಲೆಯೇ ಮಲಗಿದವು. ಈ ಸಲ ಎರಡೂ ಅವರವೇ ಎಂದು ನಾನು ಖಾತ್ರಿ ಮಾಡಿಕೊಂಡೆ.

ಕೊನೆಗೂ ಬಂದರು. ಎಲ್ಲೆಲ್ಲಿ ಸುತ್ತಿದರೋ, ಏನೇನು ಮಾತಾಡಿಕೊಂಡರೋ ನಮಗೆ ಹೇಳಲಿಲ್ಲ, ನಾವೂ ಕೇಳಲಿಲ್ಲ. ಯಜಮಾನ್ತಿ ಹೆಗಲಿನಿಂದ ಇಳಿದು, ಶೂ ಬಿಚ್ಚಿ ಮೂಲೆಗಿಟ್ಟು, ಬ್ಯಾಗನ್ನು ಗೋಡೆಯ ಮೊಳೆಗೆ ಸಿಕ್ಕಿಸಿ, ಸೊಂಟದ ಮೇಲೆ ಕೈಯಿಟ್ಟುಕೊಂಡು ನಮ್ಮನ್ನೆಲ್ಲ ಒಮ್ಮೆ ನೋಡಿದಳು.

"ನೀವಿನ್ನೂ ಇಲ್ಲೇ ಇದ್ದೀರಾ?" ಎಂದಳು. "ಎಲ್ಲರೂ ನಿಮ್ಮ ನಿಮ್ಮ ಮನೆಗೆ ಹೋಗಿ, ನಾಳೆ ಬನ್ನಿ. ನಮ್ಮಪ್ಪ ಈಗಷ್ಟೇ ಕೆಲಸದಿಂದ ಬಂದಿದಾರೆ, ಸುಸ್ತಾಗಿದೆ."